ಮೇಜು ತಟ್ಟಿದ ಅಭ್ಯರ್ಥಿ

ನಮ್ಮ ಪಾಲೊ ಕೆಮಾಡೊದಲ್ಲಿ ದಾರಿ ಕೇಳಬೇಕಾದರೆ ಯಾರನ್ನು ಬೇಕಾದರೂ ಕೇಳಿ, ಎಲಿಹಿಯೊನನ್ನು ಮಾತ್ರ ಕೇಳಬೇಡಿ. ಅವನಿಗೆ ದಾರಿ ಗೊತ್ತಿಲ್ಲದಿರುವುದು ದೊಡ್ಡ ತಪ್ಪಲ್ಲ. ಗೊತ್ತಿಲ್ಲ ಎಂದು ಹೇಳಲು ಬರುವುದಿಲ್ಲ, ಕಷ್ಟ ಅಲ್ಲಿದೆ. ಒಮ್ಮೆ ರಾಜಧಾನಿ ಸಾಂತೊ ದೊಮಿಂಗೊದಿಂದ ಬಂದ ಮದುವೆ ದಿಬ್ಬಣವನ್ನು ಚರ್ಚಿನ ದಾರಿ ಎಂದು ಹೇಳಿ ಕಸಾಯಿಖಾನೆಗೆ ಕಳಿಸಿದ ಪುಣ್ಯಾತ್ಮ ಅವನು. ವಧು ಹೇಗೋ ಸುಧಾರಿಸಿಕೊಂಡಳು. ವರ ಮಾತ್ರ ಇವತ್ತಿಗೂ ಅದನ್ನು ಶಕುನ ಎಂದೇ ನಂಬಿದ್ದಾನಂತೆ.

ಕಸುಬಿನಲ್ಲಿ ಅವನು ಫ್ಯಾನ್ ರಿಪೇರಿಯವನು. "ಏನಾಗಿದೆ ಇದಕ್ಕೆ?" ಎಂದು ಕೇಳುವ ಮೊದಲೇ ಉತ್ತರ ಸಿದ್ಧ. ಪಕ್ಕದ ಮನೆಯ ಫ್ಯಾನಿಗೂ ಅದೇ ಉತ್ತರ, ಅವರ ಮಿಕ್ಸಿಗೂ ಅದೇ. ಅವನು ಬಿಚ್ಚಿದ ಫ್ಯಾನು ಮತ್ತೆ ತಿರುಗಿದರೆ ನಾವು ನೆಂಟರಿಗೆಲ್ಲ ಫೋನ್ ಮಾಡಿ ಹೇಳುತ್ತೇವೆ.

ಆದರೆ ಡಾಮಿನೊ ಮೇಜಿನ ಮುಂದೆ ಕುಳಿತರೆ ಅವನೇ ಬೇರೆ. ನನ್ನ ದಿನಸಿ ಅಂಗಡಿಯ ಮುಂದೆ ಬಾದಾಮಿ ಮರದ ಕೆಳಗೆ ಒಂದು ಮೇಜಿದೆ. ಬಿಸಿಲು ಇಳಿದ ಮೇಲೆ ಒಂದು ಕುರ್ಚಿಯಲ್ಲಿ ಎಲಿಹಿಯೊ, ಎದುರು ಕುರ್ಚಿಯಲ್ಲಿ ಅವನ ಜೊತೆಗಾರ ಚಾಗೊ. ಚಾಗೊ ಲಾರಿ ಓಡಿಸುವವನು. ಆಳು ದೊಡ್ಡದು, ಮಾತು ಚಿಕ್ಕದು. ಅಕ್ಕಪಕ್ಕದ ಕುರ್ಚಿಗಳಲ್ಲಿ ಅವತ್ತು ಸೋಲಬೇಕಾದವರು ಯಾರೋ ಇಬ್ಬರು ಇರುತ್ತಾರೆ. ಆಟದ ನಿಯಮ ನಮ್ಮ ಮಕ್ಕಳಿಗೂ ಗೊತ್ತು: ಸಾಲಿನ ತುದಿಯಲ್ಲಿರುವ ಸಂಖ್ಯೆಗೆ ಹೊಂದುವ ಕಾಯಿ ಕೈಯಲ್ಲಿದ್ದರೆ ಇಡಬೇಕು. ಇಲ್ಲದಿದ್ದರೆ ಬೆರಳಿನ ಗೆಣ್ಣಿನಿಂದ ಮೇಜನ್ನು ಟಕ್ ಟಕ್ ಎಂದು ತಟ್ಟಿ ಸರದಿ ಬಿಟ್ಟುಕೊಡಬೇಕು. ಹೊಂದದ ಕಾಯಿಯನ್ನು ಸದ್ದಿಲ್ಲದೆ ತುರುಕುವವನನ್ನು ನಾವು ಮನೆಗೆ ಊಟಕ್ಕೆ ಕರೆಯುವುದಿಲ್ಲ. ಆಟದಲ್ಲಿ ಎಲಿಹಿಯೊ ಎಷ್ಟು ಸಲ ಬೇಕಾದರೂ ನಾಚಿಕೆಯಿಲ್ಲದೆ ತಟ್ಟುತ್ತಾನೆ. ಕುರ್ಚಿ ಬಿಟ್ಟು ಎದ್ದನೆಂದರೆ ಮತ್ತೆ ಎಲ್ಲವೂ ಗೊತ್ತು.

ಒಂದು ವರ್ಷ ಊರಹಬ್ಬದ ಡಾಮಿನೊ ಪಂದ್ಯದ ದಿನ ತೀರ್ಪುಗಾರನಿಗೆ ಹೊಟ್ಟೆ ಕೆಟ್ಟು, ಅವನ ಸಿಳ್ಳೆಯನ್ನು ಎಲಿಹಿಯೊನ ಕೊರಳಿಗೆ ಹಾಕಿದರು. ಆ ಸಿಳ್ಳೆ ಅಲ್ಲಿಂದ ಇಳಿದೇ ಇಲ್ಲ. ಸ್ನಾನ ಮಾಡುವಾಗಲೂ ಹಾಕಿಕೊಂಡಿರುತ್ತಾನೆ ಎಂದು ಅವನ ಹೆಂಡತಿ ಬ್ರೂನಿಲ್ದಾ ನನ್ನ ಹತ್ತಿರ ಹೇಳಿದ್ದಾಳೆ.

ಹೀಗಿರುವಾಗ ಚುನಾವಣೆ ಬಂತು. ಮೇಯರ್ ಕುರ್ಚಿಯಲ್ಲಿದ್ದವರು ಡಾನ್ ರಾದಾಮೆಸ್; ಡಾನ್ ಎಂದರೆ ನಮ್ಮಲ್ಲಿ ದೊಡ್ಡವರಿಗೆ ಕೊಡುವ ಮರ್ಯಾದೆ. ಅವರು ಬಾಯಿ ತೆರೆದರೆ ಸಮುದ್ರವೂ ಸ್ವಲ್ಪ ಹಿಂದೆ ಸರಿದು ಕೇಳುತ್ತದೆ. ಅವರ ಎದುರು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ; ಕೊನೆಗೆ ನಿಂತವಳು ಬ್ಯೂಟಿ ಪಾರ್ಲರಿನ ಯೊಕಾಸ್ತಾ. ಕಾರಣ ರಾಜಕೀಯವಲ್ಲ, ನೀರು. ಹೊಸ ಪಂಪ್‌ಹೌಸ್ ಉದ್ಘಾಟನೆಯಾಗಿ ಎಷ್ಟೋ ಕಾಲವಾದರೂ ನಲ್ಲಿಯಲ್ಲಿ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಒಂದು ಶನಿವಾರ ಶಾಂಪೂ ನೊರೆ ಹೊತ್ತ ಏಳೆಂಟು ಹೆಂಗಸರು ಪಾರ್ಲರಿನಿಂದ ಹೊರಟು, ತಲೆ ತೊಳೆದುಕೊಳ್ಳಲು ಬೀದಿಯುದ್ದಕ್ಕೂ ಬಕೆಟ್ ಹುಡುಕುತ್ತಾ ಹೋದರು. ಯೊಕಾಸ್ತಾ ಅವತ್ತೇ ಹೋಗಿ ನಾಮಪತ್ರ ಕೊಟ್ಟು ಬಂದಳು. ಭಾಷಣ ಎಂದರೇನೆಂದು ಅವಳಿಗೆ ತಿಳಿಯದು.

ನಮ್ಮ ಪಾದ್ರಿ ಕಾಜಿಮಿರ್ ಪೋಲೆಂಡಿನವರು. ಒಳ್ಳೆಯ ಮನುಷ್ಯ, ಪಾಪ, ಡಾಮಿನೊ ಬರುವುದಿಲ್ಲ. ಇಬ್ಬರು ಅಭ್ಯರ್ಥಿಗಳೂ ಚರ್ಚಿನ ಮುಂದಿನ ಪಾರ್ಕಿನಲ್ಲಿ ಜನರೆದುರು ವಾದ ಮಾಡಬೇಕು, ಚರ್ಚಿನ ರೇಡಿಯೋದಲ್ಲಿ ಅದು ಬರಬೇಕು, ಕೊನೆಗೆ ಒಬ್ಬ ತೀರ್ಪುಗಾರ ಯಾರು ಗೆದ್ದರೆಂದು ಹೇಳಬೇಕು ಎಂದು ಅವರು ಹಟ ಹಿಡಿದರು. ತೀರ್ಪುಗಾರನನ್ನು ಆರಿಸುವ ಸಭೆಗೆ ಐಸ್ ತೆಗೆದುಕೊಂಡು ಹೋದ ನಾನು ಅಲ್ಲೇ ಉಳಿದೆ. ಐಸ್ ಕರಗುವುದನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ.

"ಹೆಡ್ಮಾಸ್ಟರ್ ಆಗಬಹುದಾ?" ಎಂದರು ಪಾದ್ರಿ.

"ಅವರು ಯೊಕಾಸ್ತಾಗೆ ಚಿಕ್ಕಪ್ಪ," ಎಂದರು ಮೇಯರ ಕಡೆಯವರು.

"ಡಾಕ್ಟರು?"

"ಮೇಯರ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವಾಗ ತಂದೆಯಾಗಿ ನಿಂತವರು ಅವರೇ," ಎಂದರು ಯೊಕಾಸ್ತಾ ಕಡೆಯವರು.

"ಅಂಚೆಯವರು?"

"ಅವರು ಇಬ್ಬರಿಗೂ ಸಂಬಂಧ. ಅದಕ್ಕೇ ಇಬ್ಬರ ಜೊತೇನೂ ಮಾತಿಲ್ಲ."

ಪಾದ್ರಿ ಹಣೆ ಒರೆಸಿಕೊಂಡರು. "ಈ ಊರಲ್ಲಿ ಯಾರಿಗೂ ಸಂಬಂಧ ಆಗದೇ ಇರೋ ಒಬ್ಬ ಮನುಷ್ಯ ಇಲ್ವೇನ್ರಪ್ಪಾ?"

ಎರಡೂ ಕಡೆಯವರು ಒಟ್ಟಿಗೇ ಒಂದೇ ಹೆಸರು ಹೇಳಿದರು. ಎಲಿಹಿಯೊ ಮತ್ತು ಬ್ರೂನಿಲ್ದಾ ದೂರದ ಬಾರಾಓನಾ ಊರಿನ ಕಡೆಯಿಂದ ಬಂದವರು. ಮಕ್ಕಳಿಲ್ಲ, ಹಾಗಾಗಿ ಮಕ್ಕಳ ಜ್ಞಾನಸ್ನಾನದಿಂದ ಬರುವ ನೆಂಟಸ್ತಿಕೆಯೂ ಇಲ್ಲ. ಇಷ್ಟು ವರ್ಷ ನಾವೆಲ್ಲ ಅಯ್ಯೋ ಪಾಪ ಎಂದಿದ್ದು ಅದಕ್ಕೇ, ಈಗ ಅದೇ ಅರ್ಹತೆಯಾಯಿತು. ಊರಲ್ಲಿ ಅವನಿಗೆ ತನ್ನವನೆಂದು ಇದ್ದವನು ಎದುರು ಕುರ್ಚಿಯ ಚಾಗೊ ಒಬ್ಬನೇ. ಚಾಗೊನ ಅಕ್ಕ ಮೇಯರ ಹೆಂಡತಿ, ನಿಜ. ಆದರೆ ಡಾಮಿನೊ ಜೊತೆಗಾರ ರಕ್ತಸಂಬಂಧವಲ್ಲವೆಂದು ಪಾದ್ರಿ ತೀರ್ಮಾನಿಸಿದರು. ಪೋಲೆಂಡಿನವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು.

ಸುದ್ದಿ ಕೇಳಿ ಎಲಿಹಿಯೊ ಆಶ್ಚರ್ಯಪಡಲಿಲ್ಲ. ಇಷ್ಟು ತಡವಾಗಿ ಯಾಕೆ ಕೇಳಿದರು ಎಂಬಂತೆ ಮುಖ ಮಾಡಿದ.

"ವಾದ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ?" ಎಂದಳು ಬ್ರೂನಿಲ್ದಾ.

"ರಾಜಧಾನೀಲಿ ಇಂಥವು ಎಷ್ಟೋ ನೋಡಿದ್ದೀನಿ ಕಣೆ."

"ನೀವು ರಾಜಧಾನಿಗೆ ಹೋಗಿದ್ದು ಹಲ್ಲು ಕೀಳಿಸೋಕೆ."

"ಆಸ್ಪತ್ರೇಲೂ ಟಿವಿ ಇರುತ್ತೆ," ಎಂದು ಅವನು ಸಿಳ್ಳೆಯನ್ನು ಅಂಗಿಗೆ ಉಜ್ಜಿಕೊಂಡ.

ಮರುದಿನದಿಂದ ಅವನ ಮನೆ ಮುಂದೆ ಫ್ಯಾನುಗಳ ಜಾತ್ರೆ. ಮೇಯರ ಕಡೆಯವರು, ಯೊಕಾಸ್ತಾಳ ಅಭಿಮಾನಿಗಳು, ಇದುವರೆಗೆ ಅವನ ಕೈಗೆ ಒಂದು ಸ್ಕ್ರೂ ಕೊಡದವರೆಲ್ಲ ಫ್ಯಾನು ಹೊತ್ತು ತಂದರು, ತೀರ್ಪುಗಾರರ ಕೃಪೆ ಇರಲಿ ಎಂದು. ಒಂದು ಫ್ಯಾನೂ ಕೆಟ್ಟಿರಲಿಲ್ಲ. ಎಲಿಹಿಯೊ ಪ್ರತಿಯೊಂದನ್ನೂ ಶ್ರದ್ಧೆಯಿಂದ ಬಿಚ್ಚಿದ. ಆ ವಾರ ಊರಿನಲ್ಲಿ ಪಕ್ಷಭೇದವಿಲ್ಲದೆ ಎಲ್ಲರೂ ಬೆವರಿದರು. ಇಷ್ಟು ನಿಷ್ಪಕ್ಷಪಾತಿ ತೀರ್ಪುಗಾರ ನಮ್ಮ ದ್ವೀಪದಲ್ಲೇ ಇನ್ನೊಬ್ಬನಿರಲಿಕ್ಕಿಲ್ಲ.

ವಾದದ ಹಿಂದಿನ ಸಂಜೆ ಚಾಗೊ ಮೇಜಿಗೆ ಬಂದ, ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತ.

"ಅಕ್ಕ ಅಳ್ತಿದ್ದಾಳೆ," ಎಂದ. "ಆ ಹುಡುಗಿ ಮುಂದೆ ಭಾವನ ಮರ್ಯಾದೆ ಹೋದ್ರೆ ಅವಳು ಚರ್ಚಿಗೆ ಹೇಗೆ ಹೋಗೋದು ಅಂತ."

"ನ್ಯಾಯ ಏನಿದೆಯೋ ಅದು ಆಗುತ್ತೆ ಬಿಡು."

"ನಂಗೆ ನ್ಯಾಯ ಗೊತ್ತಿಲ್ಲ ಮಾರಾಯ. ಅವಳು ನನ್ನ ಅಕ್ಕ. ನೀನು ಭಾವನ ವಿರುದ್ಧ ಹೇಳಿದ್ರೆ ಈ ಕುರ್ಚಿಗೆ ಬೇರೆ ಯಾರನ್ನಾದರೂ ನೋಡ್ಕೋ."

ಅಷ್ಟು ಹೇಳಿ ಹೊರಟೇಹೋದ. ಒಂದೇ ಸಲಕ್ಕೆ ಅವನು ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎಲಿಹಿಯೊ ಕಾಯಿಗಳನ್ನು ಒಬ್ಬನೇ ಕಲಸುತ್ತಾ ಕುಳಿತ. ನಾನು ತಣ್ಣನೆಯ ಬಿಯರ್ ತಂದಿಟ್ಟೆ, ಅದು ಬೆಚ್ಚಗಾಗುವವರೆಗೂ ಮುಟ್ಟಲಿಲ್ಲ.

"ಏನ್ ಮಾಡ್ತೀಯೋ?" ಎಂದು ಕೇಳಿದೆ.

"ಎಲ್ಲ ಯೋಚನೆ ಮಾಡಿ ಇಟ್ಕೊಂಡಿದ್ದೀನಿ ಫೆಲಾ ಅಕ್ಕ," ಎಂದ. ಮುಖ ನೋಡಿದರೆ ತಲೆಯಲ್ಲಿ ಒಂದು ಯೋಚನೆಯೂ ಇದ್ದಂತೆ ಕಾಣಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾರ್ಕು ಕಿಕ್ಕಿರಿಯಿತು. ಮರದಡಿ ಉದ್ದನೆಯ ಮೇಜು; ಒಂದು ತುದಿಗೆ ಡಾನ್ ರಾದಾಮೆಸ್, ಇನ್ನೊಂದು ತುದಿಗೆ ಯೊಕಾಸ್ತಾ, ನಡುವೆ ಪಾದ್ರಿ, ಅವರ ಮುಂದೆ ನೀರಿನ ಹೂಜಿ, ಇಬ್ಬರಿಗೂ ಒಂದೊಂದು ಲೋಟ. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಎಲಿಹಿಯೊ. ಪಾದ್ರಿ ಅವನಿಗೆ ಅಂಕಪಟ್ಟಿ ಕೊಟ್ಟಿದ್ದರು: ವಿಷಯಜ್ಞಾನಕ್ಕೆ ಇಷ್ಟು, ಭಾಷೆಗೆ ಇಷ್ಟು, ಗಾಂಭೀರ್ಯಕ್ಕೆ ಇಷ್ಟು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಚಿ, ಅಲ್ಲಾಡುತ್ತಿದ್ದ ಮೇಜಿನ ಕಾಲ ಕೆಳಗೆ ಇಟ್ಟ. ಮೊದಲ ಸಾಲಿನಲ್ಲಿ ಅಕ್ಕನ ಪಕ್ಕ ಚಾಗೊ ಕೈ ಕಟ್ಟಿ ಕುಳಿತಿದ್ದ.

ಯೊಕಾಸ್ತಾಳ ಆರಂಭ ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ಎದ್ದು ನಿಂತಳು, ನಮಸ್ಕಾರ ಹೇಳಿದಳು, ಮತ್ತೆ ನಮಸ್ಕಾರ ಹೇಳಿದಳು. ಕೈಗೆ ಸಿಕ್ಕ ನೀರು ಕುಡಿದಳು; ಅದು ಮೇಯರ ಲೋಟ. ಮೇಯರ್ ನಕ್ಕರು, ಜನರೂ ನಕ್ಕರು. ಪಾದ್ರಿ ಮೊದಲ ಪ್ರಶ್ನೆ ಓದಿದರು: "ಪುರಸಭೆಯ ಆದಾಯವನ್ನು ಹೆಚ್ಚಿಸಲು ನಿಮ್ಮ ಯೋಜನೆ ಏನು?"

ಯೊಕಾಸ್ತಾ ಬಾಯಿ ತೆರೆದಳು. ಏನೂ ಬರಲಿಲ್ಲ. ಅಜ್ಜನ ಡಾಮಿನೊ ಮೇಜಿನ ಕೆಳಗೆ ಬೆಳೆದ ಹುಡುಗಿ ಅವಳು. ಕೈ ತನ್ನಷ್ಟಕ್ಕೆ ಮೇಲೆದ್ದು ಮೇಜನ್ನು ತಟ್ಟಿತು. ಟಕ್ ಟಕ್.

ಪಾದ್ರಿ ಚರ್ಚಿನ ಕಡೆ ತಿರುಗಿ, "ಒಳಗೆ ಬನ್ನಿ," ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಮುದುಕ, "ಸರಿಯಾಗಿ ಮಾಡಿದಳು ಬಿಡಿ. ಕೈಯಲ್ಲಿಲ್ಲ, ತಟ್ಟಿದಳು," ಎಂದ. ಎಲಿಹಿಯೊನ ಬೆನ್ನು ನೆಟ್ಟಗಾಯಿತು. ಅಲ್ಲಿಯವರೆಗೆ ಅವನು ಒಂದು ವಾದಸಭೆಯಲ್ಲಿ ಕುಳಿತಿದ್ದ. ಈಗ ತನಗೆ ಗೊತ್ತಿರುವ ಜಾಗಕ್ಕೆ ಬಂದ. ಸಿಳ್ಳೆಯನ್ನು ತುಟಿಗಿಟ್ಟುಕೊಂಡು, "ಪಾಸ್. ಸರದಿ ಡಾನ್ ರಾದಾಮೆಸ್ ಅವರದ್ದು," ಎಂದು ಘೋಷಿಸಿದ.

ಮೇಯರ್ ಎದ್ದು ಆದಾಯದ ಬಗ್ಗೆ ಮಾತಾಡಿದರು. ಆದಾಯದಿಂದ ಸೂರ್ಯೋದಯಕ್ಕೆ ಹೋದರು, ಸೂರ್ಯೋದಯದಿಂದ ಯುವಜನತೆಗೆ. ಸಿಳ್ಳೆ ಕೀಚೆಂದಿತು.

"ಏನ್ರೀ ಇದು?" ಎಂದರು ಮೇಯರ್.

"ಕಾಯಿ ಹೊಂದಲ್ಲ ಡಾನ್ ರಾದಾಮೆಸ್. ಮೇಜಿನ ಮೇಲಿರೋದು ಆದಾಯ. ನೀವಿಟ್ಟಿದ್ದು ಸೂರ್ಯ. ವಾಪಸ್ ತಗೊಳ್ಳಿ."

ಪಾದ್ರಿ ಕಂಗಾಲಾಗಿ ನನ್ನ ಕಡೆ ನೋಡಿದರು. "ಫೆಲಾ, ಇದು ನಿಯಮದಲ್ಲಿದೆಯೇನಮ್ಮಾ?"

"ಎಲ್ಲ ಮನೇಲೂ ಇದೆ ಫಾದರ್," ಎಂದೆ. ಸುಳ್ಳೇನಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮೈಕು ಸತ್ತಿತು. ಯಾರೂ ತಲೆಯೆತ್ತಿ ನೋಡಲಿಲ್ಲ. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಆದರೆ ಮೈಕಿಲ್ಲದೆ ಮೇಯರ ದನಿ ಎರಡನೇ ಸಾಲಿಗೂ ತಲುಪಲಿಲ್ಲ. ಯೊಕಾಸ್ತಾಳಿಗೋ ಹೇರ್ ಡ್ರೈಯರುಗಳ ಗದ್ದಲದ ಮೇಲೆ ಮಾತಾಡಿ ಅಭ್ಯಾಸ. ಅವಳು ದನಿ ತೆಗೆದಳೆಂದರೆ ಕಸಾಯಿಖಾನೆಯವರೆಗೂ ಕೇಳಿಸುತ್ತದೆ.

"ಗೆದ್ದರೆ ನಿಮ್ಮ ಮೊದಲ ಕೆಲಸ ಏನು?" ಎಂದರು ಪಾದ್ರಿ.

"ಮಾರ್ಕೆಟ್ ಹಿಂದಿನ ಚರಂಡಿಗೆ ಮುಚ್ಚಳ ಹಾಕಿಸ್ತೀನಿ."

"ಅದನ್ನೇ ಯಾಕೆ ಆರಿಸಿಕೊಂಡಿರಿ?"

"ಅದರಲ್ಲಿ ನಾನೇ ಬಿದ್ದಿದ್ದೆ ಫಾದರ್."

"ಎಷ್ಟು ದಿನದಲ್ಲಿ ಆಗಬಹುದು?"

ಟಕ್ ಟಕ್.

ಈಗ ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಬ್ರೂನಿಲ್ದಾ, "ಹುಡುಗಿ ಕೈಯಲ್ಲಿ ಒಂದೂ ಒಳ್ಳೆ ಕಾಯಿಲ್ಲ ಕಣೇ. ಹೆಂಗೆ ಆಡ್ತಿದ್ದಾಳೆ ನೋಡು," ಎಂದು ನನ್ನ ತೋಳು ಚಿವುಟಿದಳು. ನನಗೂ ಹಾಗೇ ಅನಿಸಿತು. ನಾನು ಎಷ್ಟೋ ಚುನಾವಣೆ ನೋಡಿದ್ದೇನೆ, ಎಷ್ಟೋ ಭಾಷಣ ಕೇಳಿ ಹೊಟ್ಟೆ ತುಂಬಿಸಿಕೊಂಡಿದ್ದೇನೆ. ಗೊತ್ತಿದ್ದಷ್ಟು ಹೇಳಿ ಗೊತ್ತಿಲ್ಲದ ಕಡೆ ನಿಲ್ಲುವವರನ್ನು ಕಂಡಿರಲಿಲ್ಲ. ಅವಳ ಮೇಲೆ ನನಗೆ ಅಲ್ಲೇ ಅಕ್ಕರೆ ಹುಟ್ಟಿತು.

ಪ್ರತಿ ಸಿಳ್ಳೆಗೂ ಎಲಿಹಿಯೊ ಮೊದಲ ಸಾಲಿನತ್ತ ಕದ್ದು ನೋಡುತ್ತಿದ್ದ. ಪ್ರತಿ ಸಿಳ್ಳೆಗೂ ಚಾಗೊನ ಕಟ್ಟಿದ ಕೈ ಇನ್ನಷ್ಟು ಬಿಗಿಯುತ್ತಿತ್ತು. ಆದರೂ ಸಿಳ್ಳೆ ನಿಲ್ಲಲಿಲ್ಲ. ಮೇಯರ್ ಬಾಸ್ಕೆಟ್‌ಬಾಲ್ ಅಂಗಳವನ್ನು ಇಟ್ಟರು, ವಾಪಸಾಯಿತು. ತಮ್ಮ ತೀರಿಹೋದ ತಾಯಿಯನ್ನು ಇಟ್ಟರು. ಎಲಿಹಿಯೊ ಎದ್ದು ಶಿಲುಬೆಯ ಗುರುತು ಮಾಡಿ, ಅದನ್ನೂ ವಾಪಸು ಮಾಡಿದ.

ಕೊನೆಗೆ ಒಬ್ಬರು ಇನ್ನೊಬ್ಬರಿಗೆ ಒಂದು ಪ್ರಶ್ನೆ ಕೇಳುವ ಅವಕಾಶ. ಮೇಯರ್ ಕೇಳಿದರು, "ನಿನಗೆ ಏನೂ ಗೊತ್ತಿಲ್ಲವಲ್ಲ ಮಗಳೇ, ಯಾವ ಧೈರ್ಯದ ಮೇಲೆ ನಿಂತೆ?"

"ಧೈರ್ಯ ಇರ್ಲಿಲ್ಲ. ನೀರಿರ್ಲಿಲ್ಲ," ಎಂದಳು ಯೊಕಾಸ್ತಾ. ಆಮೇಲೆ ತನ್ನ ಸರದಿಗೆ, "ಡಾನ್ ರಾದಾಮೆಸ್, ನೀವು ಪಂಪ್‌ಹೌಸ್ ರಿಬ್ಬನ್ ಕತ್ತರಿಸಿದ ದಿನ ನಿಮ್ಮ ಮನೆಯವರ ತಲೆ ಬಾಚಿ ಕಳಿಸಿದ್ದೇ ನಾನು. ಎಷ್ಟು ಚೆನ್ನಾಗಿ ಕಾಣ್ತಿದ್ರು. ಅವತ್ತಿಂದ ನೀರು ಯಾಕೆ ಬರ್ಲಿಲ್ಲ?"

ಮೇಯರ್ ಹಿಂದಿನ ಸರ್ಕಾರದ ಮಾತೆತ್ತಿದರು. ಸಿಳ್ಳೆ. ಹವಾಮಾನದ ಮಾತೆತ್ತಿದರು. ಸಿಳ್ಳೆ. ತಾಂತ್ರಿಕ ಸಮಿತಿ ಎಂದರು. ಸಿಳ್ಳೆ ಊದುವ ಮೊದಲೇ ಹಿಂದಿನ ಬೆಂಚಿನ ಮುದುಕ ತನ್ನ ಕೋಲಿನಿಂದ ಬೆಂಚನ್ನು ತಟ್ಟಿದ, ಟಕ್ ಟಕ್. ಪಕ್ಕದವನು ತಟ್ಟಿದ. ಹೆಂಗಸರು ಕೊಡೆಯ ಹಿಡಿಯಿಂದ, ಕಡಲೆಕಾಯಿ ಮಾರುವವನು ತನ್ನ ಡಬ್ಬದಿಂದ, ಇಡೀ ಪಾರ್ಕು ತಟ್ಟತೊಡಗಿತು. ಅದು ಹಂಗಿಸುವ ಸದ್ದಾಗಿರಲಿಲ್ಲ. ಮೇಜಿನ ಮುಂದೆ ತೊಳಲಾಡುತ್ತಿರುವವನಿಗೆ, ಪರವಾಗಿಲ್ಲ, ತಟ್ಟಿಬಿಡಿ ಎನ್ನುವ ಹಾಗಿತ್ತು.

ಡಾನ್ ರಾದಾಮೆಸ್ ಕೂಡ ಈ ಊರಲ್ಲೇ ಹುಟ್ಟಿದವರಲ್ಲವೇ? ಮಾತು ನಿಂತಿತು. ಬಲಗೈ ನಿಧಾನವಾಗಿ ಮೇಲೆದ್ದು ಮೇಜಿನ ಮೇಲೆ ಇಳಿಯಿತು. ಟಕ್ ಟಕ್.

ಯೊಕಾಸ್ತಾ ಗೆದ್ದ ಮುಖ ಮಾಡಲಿಲ್ಲ. ಹೂಜಿಯಿಂದ ಒಂದು ಲೋಟ ನೀರು ತುಂಬಿಸಿ ಮೇಯರ ಮುಂದೆ ಸರಿಸಿದಳು. "ನಂಗೂ ಗೊತ್ತಿಲ್ಲ ಡಾನ್ ರಾದಾಮೆಸ್. ನಾಳೆ ಇಬ್ಬರೂ ಹೋಗಿ ಪಂಪ್ ನೋಡ್ಕೊಂಡು ಬರೋಣ."

ಮೇಯರ್ ನೀರು ಪೂರ್ತಿ ಕುಡಿದರು. ಪಾದ್ರಿ ಮೆಲ್ಲಗೆ, "ತೀರ್ಪುಗಾರರು," ಎಂದರು.

ಎಲಿಹಿಯೊ ಎದ್ದ. ಚಾಗೊನ ಕಡೆ ನೋಡಿದ, ಈ ಸಲ ಕದ್ದು ನೋಡಲಿಲ್ಲ.

"ಯೊಕಾಸ್ತಾಳಷ್ಟು ಕೆಟ್ಟ ಕೈ ಬಂದವರನ್ನ ನಾನು ನೋಡಿಲ್ಲ," ಎಂದ. "ಆದರೆ ಇಟ್ಟಿದ್ದೆಲ್ಲ ಹೊಂದಿತು. ಇಲ್ಲದೇ ಇದ್ದಾಗ ತಟ್ಟಿದಳು. ಮೇಯರ್ ಒಂದೇ ಸಲ ತಟ್ಟಿದ್ರು. ಅದು ಅವರ ಅತ್ಯುತ್ತಮ ಆಟ, ನಾನು ಟೋಪಿ ತೆಗೀತೀನಿ." ಟೋಪಿ ಇರಲಿಲ್ಲ, ತಲೆ ಮುಟ್ಟಿಕೊಂಡ. "ಆದರೆ ಅದೊಂದೇ ಆಟ. ಗೆದ್ದವಳು ಯೊಕಾಸ್ತಾ."

ಊರು ಹಾರಿ ಕುಣಿಯಿತು. ಆ ಗದ್ದಲದಲ್ಲಿ ಚಾಗೊ ಎದ್ದು ಅಕ್ಕನ ಕೈ ಹಿಡಿದು ಹೊರಟುಹೋದದ್ದನ್ನು ನೋಡಿದವರು ನಾನು ಮತ್ತು ಎಲಿಹಿಯೊ ಇಬ್ಬರೇ.

ಮರುದಿನ ಮೇಯರ್ ಮತ್ತು ಯೊಕಾಸ್ತಾ ಪಂಪ್‌ಹೌಸಿಗೆ ಹೋದರು. ಬೀಗ ಹಾಕಿತ್ತು. ಕೀಲಿಕೈ ಯಾರ ಹತ್ತಿರ ಇದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರೂ ಬಾಗಿಲು ತಟ್ಟಿ ವಾಪಸು ಬಂದರು. ಗೊತ್ತಿಲ್ಲದಿದ್ದರೆ ತಟ್ಟುವುದು ಊರಿನಲ್ಲಿ ಹೊಸ ಶಿಷ್ಟಾಚಾರವಾಯಿತು. ಶಾಲೆಯಲ್ಲಿ ಮಕ್ಕಳು ಲೆಕ್ಕಕ್ಕೆ ಡೆಸ್ಕು ತಟ್ಟಿ ಹೆಡ್ಮಾಸ್ಟರರಿಂದ ಏಟು ತಿಂದರು. ಡಾಕ್ಟರು ಒಬ್ಬ ರೋಗಿಯ ಮುಂದೆ ಮೇಜು ತಟ್ಟಿದರೆಂದೂ, ರೋಗಿ ಅಲ್ಲೇ ಗುಣವಾಗಿ ಎದ್ದು ಓಡಿದನೆಂದೂ ಸುದ್ದಿ. ಪಾದ್ರಿ ಡಾಮಿನೊ ಕಲಿಸಿಕೊಡಿ ಎಂದು ನನ್ನ ಅಂಗಡಿಗೆ ಬಂದರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳೆಂದು, ವಾಡಿಕೆಯಂತೆ, ಬ್ರೂನಿಲ್ದಾ ತೆಂಗಿನಹಾಲು ಹಾಕಿ ಸಿಹಿ ಕಾಳಿನ ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಚಾಗೊನ ಮನೆಯಿಂದ ಬಟ್ಟಲು ಮುಚ್ಚಳ ತೆಗೆಯದೆ ವಾಪಸು ಬಂತು.

ಸಂಜೆ ಎಲಿಹಿಯೊ ಮೇಜಿಗೆ ಬಂದು ಕುಳಿತ. ಎದುರು ಕುರ್ಚಿ ಖಾಲಿ. ಅದರಲ್ಲಿ ಬ್ರೂನಿಲ್ದಾಳನ್ನು ಕೂರಿಸಿ ನೋಡಿದೆವು. ಕೈಯಲ್ಲಿರುವ ಕಾಯಿಗಳನ್ನೆಲ್ಲ ಜೋರಾಗಿ ಓದಿ ಹೇಳಿದಳು. ಪಾದ್ರಿಯನ್ನು ಕೂರಿಸಿದೆವು, ಅವರು ಪ್ರತಿ ಸರದಿಗೂ ತಟ್ಟಿದರು, ಕೈತುಂಬ ಹೊಂದುವ ಕಾಯಿಗಳಿದ್ದರೂ. ಹೀಗೆ ಕೆಲವು ಸಂಜೆಗಳು ಕಳೆದವು. ಎಲಿಹಿಯೊ ಸೊರಗಿದ. ಯಾರೋ ಬಂದು ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿದರೆ ಬಲಗಡೆ ಎಂದ, ಬಸ್‌ಸ್ಟ್ಯಾಂಡು ನಿಜವಾಗಿಯೂ ಬಲಗಡೆಯೇ ಇತ್ತು. ಆಗ ನನಗೆ ಭಯವಾಯಿತು.

ಒಂದು ದಿನ ಚಾಗೊನ ಲಾರಿ ಅಂಗಡಿಯ ಮುಂದೆ ನಿಂತಿತು. ಅವನು ಇಳಿದು ಬಂದು, ಪಾದ್ರಿ ಕುಳಿತಿದ್ದ ಎದುರು ಕುರ್ಚಿಯ ಬೆನ್ನು ಹಿಡಿದು ನಿಂತ. ಪಾದ್ರಿ ಬುದ್ಧಿವಂತರು, ಎದ್ದು ನನ್ನ ಹತ್ತಿರ ಬಂದು ಐಸ್ ಕೇಳಿದರು.

"ಅವತ್ತು ಮೇಜು ತಟ್ಟಿದ ಮೇಲೆ ಭಾವ ಮನೇಲಿ ಒಳ್ಳೆ ನಿದ್ದೆ ಮಾಡ್ತಾರೆ," ಎಂದ ಚಾಗೊ. "ಎಷ್ಟೋ ವರ್ಷ ಆಗಿತ್ತಂತೆ. ಅಕ್ಕ ಹೇಳಿದಳು."

ಎಲಿಹಿಯೊ ಕಾಯಿಗಳನ್ನು ಒಂದೊಂದಾಗಿ ಮಗುಚಿ ಹಾಕಿದ.

"ಒಂದು ಕೇಳ್ತೀನಿ. ನಿಜ ಹೇಳು."

"ಕೇಳು."

"ಅವತ್ತು ಆ ಹುಡುಗಿ ಹೆಸರು ಹೇಳುವಾಗ, ನಾನು ಈ ಕುರ್ಚಿಗೆ ವಾಪಸ್ ಬರ್ತೀನಿ ಅಂತ ನಿಂಗೆ ಗೊತ್ತಿತ್ತಾ?"

ಎಲಿಹಿಯೊ ಬಾಯಿ ತೆರೆದ. ಗೊತ್ತಿತ್ತು ಮಾರಾಯ, ಮೊದಲೇ ಗೊತ್ತಿತ್ತು, ಎಲ್ಲ ಯೋಚನೆ ಮಾಡಿ ಇಟ್ಟುಕೊಂಡಿದ್ದೆ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಬ್ರೂನಿಲ್ದಾಳಿಗೂ ಕಂಡಿತು, ಅವಳು ಬೀಸಣಿಗೆ ನಿಲ್ಲಿಸಿದಳು. ಅವನು ಬಾಯಿ ಮುಚ್ಚಿದ. ಕೈ ಎತ್ತಿ, ಬೆರಳಿನ ಗೆಣ್ಣಿನಿಂದ ಮೇಜನ್ನು ತಟ್ಟಿದ. ಟಕ್ ಟಕ್.

ಚಾಗೊ ಕುರ್ಚಿ ಎಳೆದು ಕುಳಿತು, ಎರಡೂ ಅಂಗೈಗಳನ್ನು ಕಾಯಿಗಳ ಮೇಲಿಟ್ಟ.

"ಕಲಸು," ಎಂದ.